ಗಂಧದ ಕೆಳಗಿನ ಬಿರುಕು

ಗೋವಿಂದನ್ ತೀರಿಕೊಂಡ ಸುದ್ದಿ ಬಂದ ದಿನ ಅವನ ತಾಯಿ ಪಾಪಮ್ಮಾಳ್ ಕಂಬಂ ಊರಿನ ಮನೆಯಂಗಳದಲ್ಲಿ ಹತ್ತಿ ಹರವುತ್ತಿದ್ದರು. ವೇದಸಂದೂರಿನಿಂದ ಬಂದ ಗಾಡಿಯವನು ಎತ್ತುಗಳ ನೊಗವನ್ನೂ ಇಳಿಸದೆ, "ಅವ್ವಾ, ಇಂಜಿನ್ ಕೊಟ್ಟಿಗೆಗೆ ಬೆಂಕಿ ಬಿತ್ತು. ನಿಮ್ಮ ದೊಡ್ಡ ಮಗ ಒಳಗೇ ಇದ್ರು" ಎಂದ. ಅವರ ಕೈಯಲ್ಲಿದ್ದ ಹತ್ತಿ ಕೈಯಲ್ಲೇ ಉಳಿಯಿತು.

ಅದು ಸಾವಿರದ ಎಂಟುನೂರ ತೊಂಬತ್ತೊಂಬತ್ತನೆಯ ಇಸವಿ. ಪಾಪಮ್ಮಾಳರ ಗಂಡ ಬದುಕಿದ್ದಾಗ, ಸೀಮೆಎಣ್ಣೆಯಿಂದ ಓಡುವ ಎರಡು ಹಳೆಯ ಇಂಜಿನುಗಳನ್ನು ಕೊಂಡು ಹತ್ತಿಬೀಜ ಬಿಡಿಸುವ ಯಂತ್ರಗಳಿಗೆ ಜೋಡಿಸಿದ್ದರು. ವೇದಸಂದೂರಿನದು ಹಿರಿಯ ಮಗನಿಗೆ, ಕಂಬಂನದು ಕಿರಿಯವನಾದ ಚಿನ್ನತಂಬಿಗೆ.

ಕರ್ಮಗಳು ಮುಗಿದ ಮೇಲೆ ಗೋವಿಂದನ್‌ನ ಹೆಂಡತಿ ಮುತ್ತುಲಕ್ಷ್ಮಿ ಅತ್ತೆಯ ಜೊತೆ ಇರಲು ಬಂದಳು. ಮರುದಿನ ಬೆಳಿಗ್ಗೆ ಚಿನ್ನತಂಬಿ ಇಂಜಿನು ಓಡಿಸಲು ಹೊರಟಾಗ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು.

"ತಂಬಿ, ಎಣ್ಣೆ ಬರೋ ರಬ್ಬರ್ ಕೊಳವೆ ಬದಲಾಯಿಸಿದ್ಯಾ?"

"ಅದಕ್ಕೇನಾಗೈತೆ ಅತ್ತಿಗೆ? ಅಪ್ಪ ಹಾಕಿದ್ದು, ಇನ್ನೂ ಗಟ್ಟಿ ಐತೆ."

"ಎಣ್ಣೆ ಸೋಸೋ ಬಟ್ಟೆ?"

"ಕಸ ಕಟ್ಕೊಂಡ್ರೆ ಊದ್ತೀನಿ. ಇಂಜಿನಿಗೂ ಬಾಣಂತಿ ಪಥ್ಯ ಹೇಳ್ಬೇಡಿ."

"ನಿಮ್ಮಣ್ಣನೂ ಹಿಂಗೇ ನಗ್ತಿದ್ರು."

ಮುತ್ತುಲಕ್ಷ್ಮಿ ವೇದಸಂದೂರಿನಲ್ಲಿ ತಾನು ಕಂಡದ್ದನ್ನು ಹೇಳಿದಳು. ಎಣ್ಣೆಯಲ್ಲಿ ನೆನೆನೆನೆದು ರಬ್ಬರು ಉಬ್ಬುತ್ತದೆ, ಆಮೇಲೆ ಬಿರಿಯುತ್ತದೆ. ಇಂಜಿನು ಹೊರಡಬೇಕಾದರೆ ಮೊದಲು ಅದರ ತಲೆಯನ್ನು ದೀಪದಿಂದ ಕಾಯಿಸಬೇಕು. ಸೋರಿದ ಎಣ್ಣೆಗೆ ಆ ದೀಪದ ಕಿಡಿ ತಾಗಿದರೆ ಸಾಕು, ಸುತ್ತ ಇರುವುದೆಲ್ಲ ಹತ್ತಿ.

"ಸೋರಿದ್ದು ನಮಗೆ ಕಾಣ್ಲೇ ಇಲ್ಲ ತಂಬಿ. ಮೇಲೆಲ್ಲ ಗಂಧ ಮೆತ್ತಿತ್ತಲ್ಲ."

ಆ ಮನೆತನದಲ್ಲಿ ಆಯುಧಪೂಜೆಗೆ ಇಂಜಿನಿನ ಮೈತುಂಬ ಗಂಧ ಬಳಿಯುತ್ತಿದ್ದರು, ಕೊಳವೆಯನ್ನೂ ಬಿಡದೆ. ಬಳಿದದ್ದನ್ನು ಒರೆಸುವಂತಿಲ್ಲ, ಮುಂದಿನ ವರ್ಷ ಅದರ ಮೇಲೆಯೇ ಇನ್ನೊಂದು ಲೇಪ. ಮೊದಲನೆಯ ಲೇಪ ತೀರಿಹೋದ ಯಜಮಾನರ ಕೈಯದು.

"ಅಪ್ಪನ ಕೈಯ ಗಂಧ ಅದು. ಕೆರೆದ್ರೆ ಪಾಪ ಸುತ್ಕೊಳ್ತೈತೆ" ಎಂದ ಚಿನ್ನತಂಬಿ.

ಅಷ್ಟು ಹೊತ್ತು ಗೋಡೆಗೆ ಒರಗಿ ಕುಳಿತಿದ್ದ ಪಾಪಮ್ಮಾಳ್ ಎದ್ದರು. ಪೆರುಮಾಳಿಗೆ ಕೈಮುಗಿಯದೆ ನೀರೂ ಕುಡಿಯದ ಜೀವ. ಒಂದು ಕರಟದ ಚೂರು ಹಿಡಿದು ಇಂಜಿನಿನ ಮುಂದೆ ಕೂತರು.

"ಪಾಪ ಬಂದ್ರೆ ನನಗೆ ಬರ್ಲಿ. ಒಬ್ಬ ಮಗನ್ನ ಕಳ್ಕೊಂಡಿದ್ದು ಸಾಕು" ಎಂದು ಕೊಳವೆಯ ಗಂಧವನ್ನು ಕೆರೆಯತೊಡಗಿದರು.

ಗಂಧ ಹಕ್ಕಳೆಹಕ್ಕಳೆಯಾಗಿ ಉದುರಿತು. ಕೆಳಗೆ ಒದ್ದೆ. ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಉದ್ದಕ್ಕೂ ಬಾಯಿಬಿಟ್ಟ ಬಿರುಕು. ಚಿನ್ನತಂಬಿ ಎರಡು ಬೆರಳಲ್ಲಿ ಎಳೆದರೆ ಕೊಳವೆ ತುಂಡಾಗಿ ಕೈಗೆ ಬಂತು. ಸೋಸುವ ಬಟ್ಟೆಯಲ್ಲಿ ಕೆಸರು ತುಂಬಿತ್ತು.

"ಇವತ್ತು ದೀಪ ಹಚ್ಚಿದ್ದಿದ್ರೆ..." ಎಂದು ಅವನು ಕೊಳವೆಯ ತುಂಡನ್ನು ಕೆಳಗಿಟ್ಟ.

"ಹಚ್ಚಿಲ್ಲವಲ್ಲ, ಬಿಡು. ಕೈ ತೊಳ್ಕೊಂಡು ಬಂದು ಗಂಜಿ ಕುಡಿ" ಎಂದರು ತಾಯಿ. ಸುದ್ದಿ ಬಂದ ದಿನದಿಂದ ಕಣ್ಣು ಮುಚ್ಚದಿದ್ದ ಅವರು ಆ ಮಧ್ಯಾಹ್ನ ಚಾಪೆಯ ಮೇಲೆ ಮಗುವಿನಂತೆ ನಿದ್ದೆಹೋದರು.

ಚಿನ್ನತಂಬಿ ದಿಂಡಿಗಲ್ಲಿಗೆ ಹೋಗಿ ಹೊಸ ಕೊಳವೆ ತಂದ. ಇಂಜಿನು ಪೂರ್ತಿ ತಣ್ಣಗಿದ್ದಾಗ, ದೀಪವನ್ನು ಹೊರಗಿಟ್ಟು, ತೊಟ್ಟಿಯ ಎಣ್ಣೆ ಬಸಿದು, ಕೊಳವೆಯನ್ನೂ ಬಟ್ಟೆಯನ್ನೂ ಬದಲಿಸಿದ. ಮತ್ತೆ ಎಣ್ಣೆ ತುಂಬಿ ಪ್ರತಿ ಜೋಡಣೆಯ ಮೇಲೂ ಒಣಗೈ ಆಡಿಸಿದ. ಎಲ್ಲಿಯೂ ತೇವವಿರಲಿಲ್ಲ. "ಈಗ ಹಚ್ಚು ತಂಬಿ" ಎಂದಳು ಮುತ್ತುಲಕ್ಷ್ಮಿ. ಆ ವರ್ಷದ ಪೂಜೆಯಲ್ಲಿ ಗಂಧ ಇಂಜಿನಿನ ಗಾಲಿಗೆ ಮಾತ್ರ ಬಿತ್ತು.

ಯಂತ್ರವಿಟ್ಟುಕೊಂಡಿರುವ ಬಂಧುಗಳೇ, ಹಿರಿಯರು ಕೊಟ್ಟದ್ದೆಂದು ಹಳೆಯ ಕೊಳವೆಯನ್ನು ಉಳಿಸಿಕೊಳ್ಳಬೇಡಿ. ಅದನ್ನು ಒರೆಸಿ ನೋಡಿ, ಬಿರಿದಿದ್ದರೆ ಅಂದೇ ಬದಲಿಸಿ, ಸೋಸುವ ಬಟ್ಟೆ ಕೆಸರು ಕಟ್ಟಿಕೊಳ್ಳುವ ಮೊದಲೇ ಹೊಸದು ಹಾಕಿ. ನಿಮ್ಮ ಮನೆಯ ತಾಯಿಗೆ ಅಂಥ ಸುದ್ದಿ ಬಾರದಿರಲಿ.

ಪೆರುಮಾಳೇ, ಬೆಂಕಿಯಲ್ಲಿ ಬೆಂದ ಗೋವಿಂದನ್‌ನ ಜೀವವನ್ನು ನಿನ್ನ ಪಾದದ ತಂಪಿನಲ್ಲಿ ಇರಿಸಿಕೋ. ಅವನಿಗೆ ಶಾಂತಿ ಸಿಗಲಿ.