ಗಜಾನನನ ಖಾಲಿ ಜಾಗ

ಮರ ಇಲ್ಲದ ನೆಲ ಕಂಡರೆ ನಮ್ಮ ಮಲೆನಾಡಿನವರಿಗೆ ಕೈ ತುರಿಸುತ್ತದೆ. ಅದರಲ್ಲೂ ಗ್ರಾಮ ಸಮಿತಿ ಅಧ್ಯಕ್ಷ ಗಜಾನನನಿಗೆ. ಮುತ್ತಿನಕೊಪ್ಪದ ಆಚೆ ನಮ್ಮೂರಿನ ಬ್ಯಾಣ ಇದೆ, ಇಡೀ ಊರಿನ ದನ ಮೇಯುವ ಗುಡ್ಡ. ಅಲ್ಲೊಂದು ಇಲ್ಲೊಂದು ಮತ್ತಿ, ನೆಲ್ಲಿ. ಉಳಿದಿದ್ದೆಲ್ಲ ಸೊಂಟದೆತ್ತರ ಹುಲ್ಲು. "ಖಾಲಿ ಬಿದ್ದಿದೆ, ಯಾರದ್ದೂ ಅಲ್ಲ" ಅಂತ ಗಜಾನನ ಮಳೆಗಾಲದ ಶುರುವಿಗೇ ಸಾವಿರ ಅಕೇಶಿಯಾ ನೆಡಿಸಿ, ಸುತ್ತ ತಂತಿ ಎಳೆದು, ಗೇಟಿಗೆ ಬೀಗ ಜಡಿದು, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡ.

ನಾನು ಸರ್ವಮಂಗಳಾ. ನನ್ನ ಮೂರು ದನಕ್ಕೆ ಆ ಬ್ಯಾಣ ಬಿಟ್ಟರೆ ಗತಿಯಿಲ್ಲ. ಬೀಗ ಹೀಗೇ ಇದ್ದರೆ ದೀಪಾವಳಿ ಕಳೆದ ಮೇಲೆ ಮೂರನ್ನೂ ಮಾರಬೇಕಿತ್ತು.

ತಂಗಿ ಮಗಳು ಭವ್ಯ ಕಾಲೇಜಲ್ಲಿ ಹುಲ್ಲಿನ ಬಗ್ಗೆ ಓದ್ತಾಳೆ. ಅವಳೇ ಹೋಗಿ ಹೇಳಿದ್ಲು: "ಗಜಣ್ಣ, ಇದು ಕಾಡು ಹಾಳಾಗಿ ಆದ ಬಯಲಲ್ಲ. ಸವನ್ನಾ, ಅಲ್ಲೊಂದು ಇಲ್ಲೊಂದು ಮರ ಇರೋ ಹುಟ್ಟಾ ಹುಲ್ಲುಗಾವಲು. ಹುಲ್ಲಿಗೆ ಬಿಸಿಲು ಬೇಕು, ಮೇಯೋ ಬಾಯಿ ಬೇಕು. ಅಕೇಶಿಯಾ ನೆರಳು ಕವಿದರೆ ಹುಲ್ಲು ಸಾಯ್ತದೆ, ಅದರ ಬುಡದಲ್ಲಿ ಮೊಟ್ಟೆ ಇಡೋ ನೆಲಗುಬ್ಬಿಯೂ ಹೋಗ್ತದೆ."

"ಅದು ಆಫ್ರಿಕಾದಲ್ಲಿರೋದು ಮಾರಾಯ್ತಿ. ಇಲ್ಲಿ ಎಂತ, ಸಿಂಹ ಗಿಂಹ ಕಂಡ್ಯಾ?" ಅಂದ ಗಜಾನನ.

ದೀಪಾವಳಿಯ ಗೋಪೂಜೆ ಬಂತು. ಆವತ್ತು ದನದ ಕೊರಳಿಗೆ ಅಡಿಕೆ, ಚೆಂಡುಹೂವಿನ ಸರ ಕಟ್ಟಿ ಬ್ಯಾಣಕ್ಕೆ ಬಿಡೋದು. ಅವುಗಳ ಮೇಲೆ ಕೋಲು ಎತ್ತೋ ಹಾಗಿಲ್ಲ. ಪೂಜೆಯ ಮುಂದಾಳು ಗಜಾನನನೇ. ಆರತಿ ಎತ್ತಿ ತನ್ನ ಹಸು ಗೌರಿಯ ಹಗ್ಗ ಬಿಚ್ಚಿದ. ಹಿಂದೆ ಊರಿನ ಐವತ್ತು ದನ. ಹಬ್ಬದ ಗಡಿಬಿಡಿಯಲ್ಲಿ ಪುಣ್ಯಾತ್ಮ ಬೀಗದ ಸಂಗತಿಯನ್ನೇ ಮರೆತಿದ್ದ.

ದನಗಳು ವರ್ಷವೂ ಹೋಗುವ ದಾರಿಯಲ್ಲೇ ಹೋದವು, ಗೇಟು ಕಂಡು ನಿಂತವು. ಗೌರಿ ತಲೆ ತಿರುಗಿಸಿದಳು. ಪಕ್ಕದಲ್ಲೇ ಗಜಾನನನ ಅಡಿಕೆ ಸಸಿಮಡಿ. ನುಗ್ಗಿದಳು. ಉಳಿದವು ಅವಳ ಹಿಂದೆಯೇ.

"ಹೊಡೀರೋ ಯಾರಾದ್ರೂ" ಅಂತ ಗಜಾನನ ಅಂಗಲಾಚಿದ. ಯಾರು ಹೊಡೀತಾರೆ? ಆರತಿ ತಟ್ಟೆ ಇನ್ನೂ ಅವನ ಕೈಯಲ್ಲೇ ಇತ್ತು.

"ಇವತ್ತು ಕೋಲು ಎತ್ತಿದ್ರೆ ಪಾಪ ಅಂತ ಬೆಳಿಗ್ಗೆ ನೀನೇ ಹೇಳಿದ್ಯಲ್ಲ" ಅಂದೆ. ನಗು ತಡೀಲಿಕ್ಕಾಗಲಿಲ್ಲ, ಸುಳ್ಳ್ಯಾಕೆ ಹೇಳಲಿ.

ತಟ್ಟೆ ಕೆಳಗಿಟ್ಟು ಓಡಿದ. ಕೀಲಿ ಜನಿವಾರಕ್ಕೆ ಸಿಕ್ಕು ಬಿದ್ದು ಬಿಡಿಸಲಿಕ್ಕೇ ಬರಲಿಲ್ಲ. ಗೇಟಿಗೆ ಹೊಟ್ಟೆ ಒತ್ತಿ, ಬಗ್ಗಿ, ಹಾಗೇ ಬೀಗ ತೆಗೆದ. ಗೇಟು ಪೂರ್ತಿ ತೆರೆದು, ಇಡೀ ಊರಿನ ಎದುರು ದನಗಳಿಗೆ ಕೈ ಮುಗಿದ.

"ಬನ್ರೇ ತಾಯಂದಿರಾ, ನಿಮ್ಮ ಜಾಗಕ್ಕೆ ನೀವು ಹೋಗ್ರೇ."

ಭವ್ಯ ನನ್ನ ಮುಖ ನೋಡಿದ್ಲು. "ಯಾರ ಜಾಗ ಅಂತ ಅವನೇ ಹೇಳಿದ, ಬರ್ಕೋ" ಅಂದೆ.

ಅವನು ಗೇಟಿನ ಬುಡದಲ್ಲೇ ಬಿಟ್ಟ ಬೀಗ ನನ್ನ ಸೆರಗಿನ ಗಂಟಿಗೆ ಬಂತು. ಕೀಲಿ ಅವನ ಜನಿವಾರದಲ್ಲೇ ಇದೆ, ಇರಲಿ.