ಪುದೀನ ಎಂದೇ ಕೂಗಿದವಳು

ಮೊಳಕಾಲ್ಮೂರಿನ ಯರ್ರಮ್ಮ ಇಪ್ಪತ್ತು ವರ್ಷದಿಂದ ಚಳ್ಳಕೆರೆ ಸಂತೆಯ ಬಾಗಿಲಲ್ಲೇ ಕೂತು ಸೊಪ್ಪು ಮಾರುತ್ತಿದ್ದಳು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಎರಡರಲ್ಲೂ ಅವಳ ಗಂಟಲು ದೊಡ್ಡದು. ತೊಂಬತ್ತೆಂಟರ ರಾಜ್ಯೋತ್ಸವಕ್ಕೆ ಸಂತೆ ಸಮಿತಿಯ ತೋಟಪ್ಪ ಸೊಪ್ಪಿನವರಿಗೆಲ್ಲ ಹಳದಿ ಕೆಂಪಿನ ಬೋರ್ಡು ಬರೆಸಿ ಹಂಚಿದ. ಓದು ಬಾರದ ಯರ್ರಮ್ಮ ಮಗಳು ನಾಗರತ್ನಳಿಂದ ಓದಿಸಿದಳು. ಪುದೀನ ಇರಬೇಕಾದಲ್ಲಿ ‘ಕಂಪುಸೊಪ್ಪು’ ಅಂತಿತ್ತು.

ಪುದೀನ ಪರದೇಶದ ಮಾತು, ಇನ್ನು ಮೇಲೆ ಬೋರ್ಡಿನಲ್ಲಿದ್ದಂತೆಯೇ ಕೂಗಬೇಕು, ಇಲ್ಲದಿದ್ದರೆ ಬಾಗಿಲ ಜಾಗ ಬೇರೆಯವರಿಗೆ ಎಂದು ತೋಟಪ್ಪ ಹೇಳಿ ಹೋದ. ಅವಳು ಒಂದೆರಡು ಸಲ ಹಾಗೇ ಕೂಗಿಯೂ ನೋಡಿದಳು. ಬಾಯಿಗೆ ಬೇರೆ ಯಾರದೋ ಹಲ್ಲು ಕಟ್ಟಿಸಿಕೊಂಡಂತಾಯಿತು. ಗಿರಾಕಿಗಳು ಯಾವುದೋ ಔಷಧಿ ಗಿಡವಿರಬೇಕೆಂದು ತಿರುಗಿಯೂ ನೋಡದೆ ಹೋದರು. ಮಧ್ಯಾಹ್ನಕ್ಕೆ ಕಟ್ಟುಗಳೆಲ್ಲ ಬಾಡಿ ಜೋತುಬಿದ್ದವು. ಯರ್ರಮ್ಮ ಬೋರ್ಡನ್ನು ಮಗುಚಿ ಹಾಕಿ ಅದರ ಮೇಲೇ ಕೂತು, ಹಳೇ ಹೆಸರಲ್ಲೇ ಕೂಗತೊಡಗಿದಳು.

ಅವಳಿಗೆ ಬುದ್ಧಿ ಹೇಳಲೆಂದು ತೋಟಪ್ಪ ನಿವೃತ್ತ ಮೇಷ್ಟ್ರು ಹಾಲೇಶಪ್ಪನವರನ್ನು ಕರೆತಂದ. ಮೇಷ್ಟ್ರು ಪಾಠ ಮಾಡುವವರಂತೆ ಬಿಡಿಸಿ ಹೇಳಿದರು: ಅದು ಪಾರಸಿ ಮಾತು, ವ್ಯಾಪಾರಿಗಳು, ದಂಡಿನವರು, ಅಡುಗೆಯವರು ಬಾಯಿಂದ ಬಾಯಿಗೆ ದಾಟಿಸುತ್ತ ಬಂದದ್ದು, ಹಿಂದಿ, ಮರಾಠಿ, ತೆಲುಗಿನವರೂ ಹಾಗೇ ಅನ್ನುತ್ತಾರೆ.

ಯರ್ರಮ್ಮ ಪೂರ್ತಿ ಕೇಳಿಸಿಕೊಂಡಳು. ಅಷ್ಟು ದೂರದ್ದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒಳಗೊಳಗೇ ಹೆಮ್ಮೆಯೆನಿಸಿತು.

“ಅಷ್ಟು ದೂರದಿಂದ ಬಂದಿದ್ದನ್ನ ನಾನ್ಯಾಕ್ರಿ ಓಡಿಸ್ಲಿ? ನಮ್ಮವ್ವ ಹಂಗೇ ಅಂತಿದ್ಲು, ನಾನೂ ಅಂತೀನಿ. ನಿಮ್ಮ ಮನ್ಯಾಗೆ ಏನಂತೀರಿ, ಮೇಷ್ಟ್ರೆ?”

ಹಾಲೇಶಪ್ಪನವರು ತೋಟಪ್ಪನ ಕಡೆ ನೋಡಲಿಲ್ಲ. “ಪುದೀನ ಅಂತೀವಮ್ಮ,” ಎಂದರು. ಸುತ್ತ ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

ತೋಟಪ್ಪ ಹೇಳಿದ್ದನ್ನು ಮಾಡಿಯೇ ತೀರಿದ. ಮುಂದಿನ ಸಂತೆಗೆ ಬಾಗಿಲಲ್ಲಿ ಬೇರೊಬ್ಬಳು ಕೂತಿದ್ದಳು. ಯರ್ರಮ್ಮ ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಬುಟ್ಟಿ ಹೊತ್ತು ಹೊರಗಿನ ಎಣ್ಣೆ ಮಿಲ್ಲಿನ ಗೋಡೆಯ ಹತ್ತಿರ, ಸುಡುವ ಬಿಸಿಲಲ್ಲಿ, ಹಿಂಡಿಯ ವಾಸನೆಯ ನಡುವೆ ಕೂತಳು. ಮೊದಲ ವಾರಗಳಲ್ಲಿ ಅರ್ಧ ಸೊಪ್ಪು ಹಾಗೇ ಮನೆಗೆ ಹೋಯಿತು. ವಾಪಸು ಹೋಗಿ ತೋಟಪ್ಪನನ್ನು ಒಂದು ಮಾತು ಕೇಳೋಣವೆಂದು ನಾಗರತ್ನ ಅತ್ತಳು. ಯರ್ರಮ್ಮ ಜಗ್ಗಲಿಲ್ಲ. ಆಮೇಲೆ ಹಳೇ ಗಿರಾಕಿಗಳು ಅವಳ ದನಿಯ ಜಾಡು ಹಿಡಿದು ಬಂದರು. ಎಲ್ಲರೂ ಅಲ್ಲ, ಸುಮಾರು ಜನ.

ಯುಗಾದಿ ಹೊತ್ತಿಗೆ ಇನ್ನಿಬ್ಬರು ಸೊಪ್ಪಿನವರು ತಮ್ಮ ಬುಟ್ಟಿ ಎತ್ತಿಕೊಂಡು ಬಂದು ಆ ಗೋಡೆಯ ಪಕ್ಕ ಕೂತರು. ಯರ್ರಮ್ಮ ಏನೂ ಕೇಳದೆ ಸರಿದು ಜಾಗ ಬಿಟ್ಟಳು.