ಕೊರಳಿನ ಬಣ್ಣ

ಪುಟ್ಟಿ ಲಲಿತಕಲೆಯಲ್ಲಿ ಪದವಿ ಮುಗಿಸಿ ಮನೆಗೆ ಬಂದ ದಿನ ಅವಳ ಸೋದರಮಾವ ಕೇಳಿದ್ದು ಒಂದೇ ಪ್ರಶ್ನೆ.

"ಇದಕ್ಕೆ ಹೊರಗಡೆ ಏನು ರೇಟಿದೆ?"

ಮಾವನದು ಪೇಂಟ್ ಅಂಗಡಿ. "ನಾನೂ ಬಣ್ಣದ ಮೇಲೇ ಬದುಕಿರೋದು ಕಣೆ. ಆದರೆ ನಾನು ಡಬ್ಬಗಟ್ಟಲೆ ಮಾರ್ತೀನಿ. ನಿನ್ನ ಥರ ಚಿಟಿಕೆ ಚಿಟಿಕೆ ಹಚ್ಕೊಂಡು ಕೂತರೆ ಹೊಟ್ಟೆ ತುಂಬುತ್ತಾ?" ಎಂದು ನಕ್ಕ. ಬಸ್ ಓಡಿಸುವ ಅಪ್ಪ ಮಗಳ ಪದವಿ ಪತ್ರವನ್ನು ಒರೆಸಿ ಕಪಾಟಿನಲ್ಲಿಟ್ಟರು. ಮಗಳನ್ನು ಓದಿಸಲೆಂದೇ ರಜೆಯ ದಿನಗಳಲ್ಲೂ ಸ್ಟಿಯರಿಂಗ್ ಹಿಡಿದವರು ಅವರು. ಅಮ್ಮ ಮಾತ್ರ, "ಅವಳ ಪಾಡಿಗೆ ಅವಳನ್ನ ಬಿಡೋ" ಎಂದು ತಮ್ಮನನ್ನು ಗದರಿಕೊಂಡಳು.

ಬಿಟ್ಟರೂ ಏನೂ ಆಗಲಿಲ್ಲ. ಪುಟ್ಟಿ ಜಾಹೀರಾತು ಕಂಪನಿಗಳ ಮೆಟ್ಟಿಲು ಹತ್ತಿಳಿದಳು, ಚಿತ್ರಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗ್ಯಾಲರಿಗಳಿಗೆ ಅಲೆದಳು. ಎಲ್ಲರೂ ಚೆನ್ನಾಗಿದೆ ಅಂದರು, ಯಾರೂ ಕೊಳ್ಳಲಿಲ್ಲ. ಕಡೆಗೆ ಅವಳನ್ನು ತಾವಾಗಿಯೇ ಕರೆಸಿಕೊಂಡವರು, ಊರಿನ ಅಂಚಿನಲ್ಲಿ ಸತ್ತವರನ್ನು ತೊಳೆದು, ಉಡಿಸಿ, ಬಂಧುಗಳ ಕೊನೆಯ ದರ್ಶನಕ್ಕೆ ಮಲಗಿಸುವ ಮನೆ ನಡೆಸುತ್ತಿದ್ದ ಯಜಮಾನರು. ಅವರಿಗೆ ಹೆಣಗಳ ಮುಖಕ್ಕೆ ಬಣ್ಣ ಹಚ್ಚುವವರು ಬೇಕಿತ್ತು.

"ಬ್ಯೂಟಿ ಪಾರ್ಲರಿನವರನ್ನ ಇಟ್ಟು ನೋಡ್ದೆ. ಎಲ್ಲರನ್ನೂ ಮದುಮಕ್ಕಳ ಹಾಗೆ ಮಾಡಿಟ್ಟುಬಿಡ್ತಾರೆ. ನನಗೆ ಮನುಷ್ಯರ ಹಾಗೆ ಕಾಣಬೇಕು. ನೀವು ಕಲಿತವರು. ಚರ್ಮ ಅಂದರೆ ಏನು ಅಂತ ನಿಮಗೆ ಗೊತ್ತಿರುತ್ತೆ."

ಅವರು ಹೇಳಿದ ಸಂಬಳ ಅಪ್ಪನ ಸಂಬಳಕ್ಕಿಂತ ಹೆಚ್ಚಿತ್ತು. ಪುಟ್ಟಿ ಒಪ್ಪಿಕೊಂಡಳು.

ಮೊದಮೊದಲು ಒಬ್ಬಳೇ ಒಳಗೆ ಹೋಗಲು ಹೆದರುತ್ತಿದ್ದಳು. ಕೆಲಸದ ಕೋಣೆಗೆ ಕಿಟಕಿಯಿರಲಿಲ್ಲ. ಕಲ್ಲಿನ ಮೇಜು, ಅದರ ಕೆಳಗೆ ನೀರು ಹರಿಯುವ ಕಾಲುವೆ, ಗೋಡೆಗೆ ನೇತುಹಾಕಿದ ರಬ್ಬರ್ ಕೊಳವೆ. ಹೆಣ ತೊಳೆಯುವ ವಯಸ್ಸಾದ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕೆಲಸ ಮಾಡುತ್ತಾ ತನ್ನ ಸೊಸೆಯನ್ನು ಬೈಯುವುದು ಅವಳ ರೂಢಿ. ಆ ಬೈಗುಳ ಕಿವಿಗೆ ಬೀಳುತ್ತಿದ್ದರೆ ಪುಟ್ಟಿಗೆ ಧೈರ್ಯ. ಕ್ರಮೇಣ ಕೈ ಪಳಗಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಸವೆದುಹೋಗಿದ್ದ ಮೇಷ್ಟರೊಬ್ಬರ ಕೆನ್ನೆಗೆ ಅವಳು ಜೀವ ತಂದಾಗ ಅವರ ಹೆಂಡತಿ, "ಇದು ನಮ್ಮವರೇ" ಎಂದು ಅವಳ ಎರಡೂ ಕೈ ಹಿಡಿದುಕೊಂಡು ಅತ್ತರು. ಗ್ಯಾಲರಿಯಲ್ಲಿ ಯಾರೂ ಅವಳ ಕೈ ಹಿಡಿದಿರಲಿಲ್ಲ.

ಮಾವನ ಬಾಯಿಯೂ ಕಟ್ಟಿತು. ಬಂದವರೆದುರು, "ನಮ್ಮ ಹುಡುಗಿ ಓದಿದ್ದು ದಂಡವಾಗಲಿಲ್ಲ" ಎನ್ನತೊಡಗಿದ. ಕೆಲಸ ಎಂಥದ್ದು ಎಂದು ಯಾರಾದರೂ ಕೇಳಿದರೆ ಮಾತ್ರ ಕೆಮ್ಮು ಬರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕಟ್ಟಡದ ಕಂಟ್ರಾಕ್ಟರೊಬ್ಬನ ಹೆಂಡತಿಯ ದೇಹ ಬಂತು. ಮಹಡಿ ಮೆಟ್ಟಿಲಿನಿಂದ ಉರುಳಿಬಿದ್ದು ಹೋದಳಂತೆ. ಮನೆಯ ಡಾಕ್ಟರು ಹಾಗೆಂದು ಬರೆದುಕೊಟ್ಟಿದ್ದರು. ಪುಟ್ಟಿಗಿಂತ ಸ್ವಲ್ಪವೇ ದೊಡ್ಡವಳು. ಅಕ್ಕ ಕೊಳವೆ ಹಿಡಿದು ನೀರು ಬಿಟ್ಟಳು. ಆ ದಿನ ಅವಳು ಸೊಸೆಯನ್ನು ಬೈಯಲಿಲ್ಲ. ತೊಳೆದು ಮುಗಿಸಿ, ಪುಟ್ಟಿಯ ಮುಖವನ್ನೂ ನೋಡದೆ ಹೊರಗೆ ಹೋದಳು.

ಪುಟ್ಟಿ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೊರಳಿನ ಒಂದು ಮಗ್ಗುಲಲ್ಲಿ ಉದ್ದುದ್ದನೆಯ ನೇರಳೆ ಗುರುತುಗಳು ಒತ್ತೊತ್ತಾಗಿ ನಿಂತಿದ್ದವು. ಇನ್ನೊಂದು ಮಗ್ಗುಲಲ್ಲಿ ಒಂದೇ, ಅಗಲವಾದದ್ದು. ಕಾಲೇಜಿನಲ್ಲಿ ಅವಳು ವರ್ಷಗಟ್ಟಲೆ ಕೈಗಳನ್ನು ಬರೆದವಳು. ಇದು ಕೈಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ತೋಳಿನ ಮೇಲೆ ಬೇರೆ ಗುರುತುಗಳಿದ್ದವು. ಅವು ಹಳೆಯವು, ಹಳದಿಗೆ ತಿರುಗಿ ಅಂಚಿನಲ್ಲಿ ಹಸಿರು ಒಡೆದಿದ್ದವು.

"ತುಂಬಾ ಕಷ್ಟವಾ?"

ಬಾಗಿಲಲ್ಲಿ ಸತ್ತವಳ ಗಂಡ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲ್ಲನೆಯ ದನಿ. ಬಂಧುಗಳು ಒಳಗೆ ಬರುವ ಪದ್ಧತಿಯೇ ಇರಲಿಲ್ಲ. ಅವನ ಹಿಂದೆ ಯಜಮಾನರು ಕೈ ಹೊಸೆಯುತ್ತಾ ನಿಂತಿದ್ದರು.

"ಕಾಲರ್ ಇರೋ ಬಟ್ಟೆ ತಂದಿದೀನಿ. ಆದರೆ ಕಾಲರ್ ಸರಿದರೂ ಏನೂ ಕಾಣಬಾರದು. ಅವಳ ಅಮ್ಮನಿಗೆ ಹೃದಯದ ಕಾಯಿಲೆ" ಎಂದ.

"ಮಾಡ್ತಾರೆ ಸಾರ್. ಡಿಗ್ರಿ ಮಾಡಿದವರು" ಎಂದರು ಯಜಮಾನರು.

"ಹೌದಂತೆ, ಕೇಳಿದೆ." ಅವನು ಪುಟ್ಟಿಯತ್ತ ತಿರುಗಿ ನಕ್ಕ. "ನಿಮ್ಮ ತಂದೆ ಮಾರ್ಕೆಟ್ ರೂಟಿನ ಬಸ್ ಓಡಿಸ್ತಾರಲ್ವಾ? ಒಳ್ಳೆ ಮನುಷ್ಯ. ಬ್ರೇಕ್ ಹಾಕಿದ್ದೇ ಗೊತ್ತಾಗಲ್ಲ."

ಪುಟ್ಟಿ ಬಣ್ಣದ ತಟ್ಟೆ ಎತ್ತಿಕೊಂಡಳು. ಅವನು ಹೋಗಲಿಲ್ಲ. ಅವಳು ಬಣ್ಣ ಕಲಸುವುದನ್ನು, ಹಚ್ಚುವುದನ್ನು, ಬೆರಳ ತುದಿಯಿಂದ ಅಂಚುಗಳನ್ನು ಕರಗಿಸುವುದನ್ನು ಬಾಗಿಲಿಗೆ ಒರಗಿ ನೋಡುತ್ತಲೇ ನಿಂತ. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಕೆಲಸ ಮಾಡಿರಲಿಲ್ಲ. ಮುಗಿದಾಗ ತೋಳಿನ ಗುರುತುಗಳು ಮರೆಯಾಗಿದ್ದವು, ಕೊರಳು ಮಗುವಿನ ಕೊರಳಿನಂತೆ ತಿಳಿಯಾಗಿತ್ತು. ಅದನ್ನು ನೋಡಿ ಒಂದು ಗಳಿಗೆ ಹೆಮ್ಮೆ ಆಯಿತು, ಆ ಹೆಮ್ಮೆಗೇ ನಾಚಿ ಕುಂಚ ಕೆಳಗಿಟ್ಟಳು.

"ಭೇಷ್" ಎಂದ ಗಂಡ. ಆ ಸಂಜೆ ಯಜಮಾನರು ಕೊಟ್ಟ ಲಕೋಟೆ ಅವಳ ಕೈಯಲ್ಲಿ ಭಾರವಾಗಿತ್ತು. "ಇಂಥ ಕೆಲಸ ಇನ್ನೂ ಬರ್ತಾವಮ್ಮ. ನಿನ್ನ ಹೆಸರು ಬಾಯಿಂದ ಬಾಯಿಗೆ ಹೋಗುತ್ತೆ" ಎಂದರು, ನೆಲ ನೋಡುತ್ತಾ. ಲಕೋಟೆಯನ್ನು ಅವಳು ಮನೆಯಲ್ಲಿ ಬಿಚ್ಚಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ.

ಮಾರನೆಯ ಬೆಳಗ್ಗೆ ದರ್ಶನದ ಹಜಾರ ತುಂಬಿತ್ತು, ನಡುವೆ ತೆರೆದ ಶವಪೆಟ್ಟಿಗೆ. ಸತ್ತವಳ ತಾಯಿಯನ್ನು ಇಬ್ಬರು ಹಿಡಿದು ಕರೆತಂದರು. ಅವಳ ಬೆನ್ನಿಗೆ ಸತ್ತವಳ ತಂಗಿ ಬಂದಳು. ಅವಳು ಅಳಲಿಲ್ಲ. ಅಕ್ಕನ ಮುಖ ನೋಡಿದಳು, ಬಗ್ಗಿ ಕಾಲರ್ ಸ್ವಲ್ಪ ಸರಿಸಿದಳು, ಹಾಗೇ ನಿಂತುಬಿಟ್ಟಳು.

"ಅಕ್ಕನಿಗೆ ಇಲ್ಲೊಂದು ಮಚ್ಚೆ ಇತ್ತಲ್ಲ, ಎಲ್ಲಿ ಹೋಯ್ತು?"

ಗೋಡೆಯ ಬದಿ ನಿಂತಿದ್ದ ಪುಟ್ಟಿಗೆ ಆಗ ನೆನಪಾಯಿತು. ಗುರುತುಗಳ ನಡುವೆ ಒಂದು ಮಚ್ಚೆಯೂ ಇತ್ತು, ಅದರ ಮೇಲೂ ಅವಳು ಬಣ್ಣ ಬಳಿದಿದ್ದಳು.

"ಬಾಮ್ಮ, ಅತ್ತೇನ ಕೂರಿಸು" ಎಂದು ಗಂಡ ನಾದಿನಿಯ ಭುಜ ಹಿಡಿದ.

ಅವಳು ಭುಜ ಕೊಡವಿಕೊಂಡಳು. "ಯಾರು ಬಣ್ಣ ಹಚ್ಚಿದ್ದು?"

ಯಜಮಾನರು ಪುಟ್ಟಿಯತ್ತ ನೋಡಿ ಬೇಡವೆಂಬಂತೆ ತಲೆಯಾಡಿಸಿದರು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಪೆಟ್ಟಿಗೆ ಮುಚ್ಚುತ್ತಿದ್ದರು, ಮಣ್ಣಿಗೆ ಹೋಗುತ್ತಿತ್ತು. ಪುಟ್ಟಿ ಒಳಗೆ ಹೋಗಿ ಬಣ್ಣ ತೆಗೆಯುವ ಎಣ್ಣೆಯ ಸೀಸೆಯನ್ನೂ ಹತ್ತಿಯನ್ನೂ ತಂದಳು.

"ನಾನೇ ಹಚ್ಚಿದ್ದು. ಇದರಲ್ಲಿ ಒರೆಸಿದರೆ ಹೋಗುತ್ತೆ" ಎಂದು ತಂಗಿಯ ಕೈಗೆ ಕೊಟ್ಟಳು.

ತಂಗಿ ಒರೆಸಿದಳು. ಮೊದಲು ಮಚ್ಚೆ ಕಂಡಿತು, ಆಮೇಲೆ ಬೆರಳುಗಳು. ತಾಯಿಯ ಬಾಯಿಂದ ಹೊರಟ ಸದ್ದನ್ನು ಪುಟ್ಟಿ ಇವತ್ತಿಗೂ ಯಾರಿಗೂ ವಿವರಿಸಲಾರಳು. ಜನರೆಲ್ಲ ಪೆಟ್ಟಿಗೆಯತ್ತ ನುಗ್ಗಿದರು. ಗಂಡ ಮಾತ್ರ ಅತ್ತ ನೋಡಲಿಲ್ಲ. ಅವನು ಪುಟ್ಟಿಯನ್ನೇ ನೋಡುತ್ತಿದ್ದ, ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

ಪೊಲೀಸರು ಬಂದರು, ದೇಹ ಆಸ್ಪತ್ರೆಗೆ ಹೋಯಿತು, ಅವನನ್ನು ಹಿಡಿದರು. ಪುಟ್ಟಿ ಲಕೋಟೆಯನ್ನು ಹಾಗೇ ಪೊಲೀಸರಿಗೆ ಒಪ್ಪಿಸಿದಳು. ಯಜಮಾನರು ಅದೇ ದಿನ ಅವಳನ್ನು ಕೆಲಸದಿಂದ ಬಿಡಿಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ಜಾಮೀನಿನ ಮೇಲೆ ಅವನು ಹೊರಗೆ ಬಂದ. ಬಂದ ಮೇಲೆ ದಿನಾ ಬೆಳಗ್ಗೆ ಅಪ್ಪನ ಬಸ್ ಹತ್ತತೊಡಗಿದ. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಕೊನೆಯ ಸ್ಟಾಪಿನ ತನಕ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದ. ಇಳಿಯುವಾಗ ಅಪ್ಪನಿಗೆ ನಮಸ್ಕಾರ ಹೇಳುತ್ತಿದ್ದ.

"ಟಿಕೆಟ್ ತಗೊಂಡು ಕೂತವನನ್ನ ಇಳಿಸೋಕೆ ಬರಲ್ಲ" ಎಂದರು ಅಪ್ಪ. ಅನ್ನ ಕಲಸುತ್ತಿದ್ದ ಅವರ ಕೈ ತಟ್ಟೆಯಲ್ಲೇ ನಿಂತಿತ್ತು.

"ಆ ಕಾಲೇಜಿಗೆ ಕಳಿಸಲೇಬಾರದಿತ್ತು. ಸಾಕ್ಷಿ ಗೀಕ್ಷಿ ಏನೂ ಬೇಡ. ನೆನಪಿಲ್ಲ ಅಂದುಬಿಡು" ಎಂದ ಮಾವ.

ಪುಟ್ಟಿ ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆ ಬದಿಗೆ ಸರಿಸಿ, "ನಿನಗೆ ನೆನಪಿದೆಯಲ್ಲಮ್ಮ" ಎಂದರು, ಅಷ್ಟೆ.

ಕೋರ್ಟಿನಲ್ಲಿ ಕಂಟ್ರಾಕ್ಟರನ ವಕೀಲರು ಅವಳ ಸುತ್ತ ಒಂದು ಸುತ್ತು ಬಂದರು.

"ನೀವು ಡಾಕ್ಟರಾ?"

"ಅಲ್ಲ."

"ಮತ್ತೆ ಇದು ಹಳೇ ಗುರುತು, ಅದು ಹೊಸ ಗುರುತು ಅಂತ ಹೇಗೆ ಹೇಳ್ತೀರಿ?"

"ಮುಚ್ಚೋಕೆ ಏನು ಕಲಸಿದೆ ಅಂತ ಹೇಳ್ತೀನಿ. ಕೊರಳಿನದು ನೇರಳೆ, ಅದಕ್ಕೆ ಹಳದಿ ಬೆರೆಸಬೇಕಾಯ್ತು. ತೋಳಿನದು ಹಳದಿಗೆ ತಿರುಗಿತ್ತು, ಅದಕ್ಕೆ ಬೇರೆ ಬಣ್ಣ ಬೇಕಾಯ್ತು. ಒಂದೇ ದಿನ ಆಗಿದ್ದರೆ ಒಂದೇ ಬಣ್ಣ ಸಾಕಾಗ್ತಿತ್ತು."

"ಹಣ ತಗೊಂಡು ಮುಚ್ಚಿದ್ರಿ?"

"ತಗೊಂಡೆ. ಮುಚ್ಚಿದೆ."

ನ್ಯಾಯಾಧೀಶರು ಬರೆದುಕೊಂಡರು. ಆರೋಪಿಯ ಕಟಕಟೆಯಲ್ಲಿ ನಿಂತವನು ತಲೆ ತುಸು ವಾರೆ ಮಾಡಿ, ಅಂದು ಬಾಗಿಲಲ್ಲಿ ನಿಂತು ನೋಡಿದಂತೆಯೇ ಅವಳ ಕೈಗಳನ್ನು ನೋಡುತ್ತಿದ್ದ.

ತೀರ್ಪು ಇನ್ನೂ ಬಂದಿಲ್ಲ. ಪುಟ್ಟಿ ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಾಳೆ. ಸಂಬಳ ಬಸ್ಸಿನ ಓಡಾಟಕ್ಕೆ, ಬಣ್ಣಕ್ಕೆ ಸರಿಹೋಗುತ್ತದೆ. ಸಾಕ್ಷಿ ಹೇಳಿದ ಮಾರನೆಯ ದಿನದಿಂದ ಆ ಮನುಷ್ಯ ಅಪ್ಪನ ಬಸ್ ಹತ್ತುವುದನ್ನು ಬಿಟ್ಟಿದ್ದಾನೆ. ಅಮ್ಮ ಸದ್ಯ ಪೀಡೆ ತೊಲಗಿತು ಎಂದು ನಿಟ್ಟುಸಿರು ಬಿಟ್ಟಳು. ಅಪ್ಪ ಮಾತ್ರ ಈಗ ಪ್ರತಿ ಸ್ಟಾಪಿನಲ್ಲೂ ಕನ್ನಡಿಯಲ್ಲಿ ಹತ್ತಿದವರ ಮುಖಗಳನ್ನು ಒಂದೊಂದಾಗಿ ನೋಡುತ್ತಾರೆ. ಬೆನ್ನ ಹಿಂದೆ ಕೂತಿದ್ದಾಗ ಅವನು ಎಲ್ಲಿದ್ದಾನೆ ಎಂದಾದರೂ ಗೊತ್ತಿರುತ್ತಿತ್ತು.